ಹೊಲ ಖಾಲಿ ಇರುವಾಗ ಹೊಂಡ ಮಂಜೂರು ಮಾಡಿ

ಸಂಪಾದಕರಿಗೆ ನಮಸ್ಕಾರ.

2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ನನಗೆ ಕೃಷಿ ಹೊಂಡದ, ಅಂದರೆ ಹೊಲದಲ್ಲೇ ಮಳೆ ನೀರು ಹಿಡಿದಿಡುವ ಹೊಂಡದ, ಕಾರ್ಯಾದೇಶ ಬಂತು. ಆ ಹೊತ್ತಿಗೆ ಹೊಂಡ ತೋಡಬೇಕಾದ ಜಾಗದಲ್ಲಿ ತೊಗರಿ ಸೊಂಟದ ಮಟ್ಟ ನಿಂತಿತ್ತು. ಮೂರು ದಿನದಿಂದ ಮಳೆ ಬೇರೆ. ಎರೆ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ, ಬಲ್ಲವರಿಗೆ ಗೊತ್ತು, ಅಂಥಾ ಹೊತ್ತಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದೇ ನಡೆಯಬೇಕು. ಜೆಸಿಬಿ ಇಳಿಸಿದರೆ ಅದನ್ನು ಎಳೆಯೋಕೆ ಇನ್ನೊಂದು ಜೆಸಿಬಿ ಬೇಕು. ಕಾಗದದಲ್ಲಿ ಮಾತ್ರ ಹದಿನೈದು ದಿನದೊಳಗೆ ಕೆಲಸ ಶುರು ಮಾಡಿ, ಜಿಪಿಎಸ್ ಫೋಟೊ ಕೊಡಿ ಎಂದಿತ್ತು.

ನಾನು ಕಲಬುರಗಿ ಜಿಲ್ಲೆಯ ಮಳೆ ನಂಬಿದ ರೈತ. ಎರಡು ಸರ್ವೆ ನಂಬರ್‌ಗಳಲ್ಲಿ ಒಟ್ಟು ಆರು ಎಕರೆ ಇದೆ. ಹೊಂಡ ಬೇಕಾದದ್ದು ಕೆಳಗಿನ ಎರಡೂವರೆ ಎಕರೆಗೆ. ಮೇಲಿನ ಹೊಲದ ನೀರೆಲ್ಲ ಅಲ್ಲಿಗೇ ಹರಿದು ಬಂದು, ಮಣ್ಣನ್ನೂ ಹೊತ್ತುಕೊಂಡು ಹಳ್ಳ ಸೇರುತ್ತದೆ.

ಅರ್ಜಿ ಹಾಕಿದ್ದು ಜುಲೈನಲ್ಲಿ, ಪ್ರಚಾರ ಬಂದದ್ದೇ ಆಗ. ಪಹಣಿ, ಆಧಾರ್, ಪಾಸ್‌ಬುಕ್ ಎಲ್ಲ ಕೊಟ್ಟೆ. ಮೊದಲ ದಿನವೇ ವಾಪಸ್ ಕಳಿಸಿದರು. ನನ್ನ ಫ್ರೂಟ್ಸ್ ಐಡಿಯಲ್ಲಿ, ಅಂದರೆ ಸರ್ಕಾರದ ರೈತ ನೋಂದಣಿಯಲ್ಲಿ, ಮೇಲಿನ ಹೊಲ ಮಾತ್ರ ಇತ್ತು, ಕೆಳಗಿನದು ಸೇರಿರಲಿಲ್ಲ. ಅದು ಅಪ್ಪನ ಹೆಸರಿನಿಂದ ಪೌತಿ ಖಾತೆಯಾಗಿ ನನಗೆ ಬಂದ ಮೇಲೆ ಸೇರಿಸಬೇಕಿತ್ತು. ಗೊತ್ತಿರಲಿಲ್ಲ, ತಪ್ಪು ನನ್ನದೇ. ಅದು ಸೇರುವುದಕ್ಕೆ ನಾಲ್ಕು ಸಲ ಓಡಾಡಿದೆ. ಒಂದು ದಿನ ಸರ್ವರ್ ಇಲ್ಲ, ಒಂದು ದಿನ ಸಾಹೇಬರು ಮೀಟಿಂಗ್‌ಗೆ ಹೋಗಿದ್ದಾರೆ. ಇದನ್ನು ದೊಡ್ಡದು ಮಾಡುವುದಿಲ್ಲ, ಎಲ್ಲ ಕಚೇರಿಯಲ್ಲೂ ಇದೇ ಕತೆ. ಆದರೆ ಅರ್ಜಿ ಹಾಕುವವರು ಮೊದಲು ಎಲ್ಲ ಸರ್ವೆ ನಂಬರೂ ಐಡಿಯಲ್ಲಿ ಇವೆಯಾ ಅಂತ ನೋಡಿಕೊಳ್ಳಿ.

ಕಾರ್ಯಾದೇಶ ಬಂದ ದಿನ ಅವ್ವನಿಗೆ ಹೇಳಿದೆ. "ಸರ್ಕಾರದ ರೊಕ್ಕಕ್ಕೆ ನಿಂತ ಬೆಳಿ ಕಡಿತಿ ಏನು?" ಅಂದಳು. ಕಚೇರಿಗೆ ಹೋಗಿ ತೊಗರಿ ಕೊಯ್ದು ರಾಶಿ ಆಗುವ ತನಕ ಟೈಮ್ ಕೊಡಿ ಎಂದು ಕೇಳಿದೆ. ಅಲ್ಲಿದ್ದ ಹುಡುಗ ಒಳ್ಳೆಯವನೇ. "ಕಾಕಾ, ಅಷ್ಟು ಜಾಗ ಬಿತ್ತದೆ ಬಿಡಬೇಕಿತ್ತು. ಈಗ ಬಾಕಿ ತೋರಿಸಿದರೆ ನಮಗೆ ಬೈಗುಳ" ಅಂದ. ಜೂನ್‌ನಲ್ಲಿ ಬಿತ್ತುವಾಗ ಯೋಜನೆ ಬರುತ್ತೋ ಇಲ್ವೋ ನನಗೇ ಗೊತ್ತಿರಲಿಲ್ಲ. ಯಾರ ಭರವಸೆ ಮೇಲೆ ಬಿಡಲಿ? ಜನವರಿಯಲ್ಲಿ ರಾಶಿ ಮುಗಿಸಿ ಹೋದರೆ ನನ್ನ ಹೆಸರು ತೆಗೆದು, ಪಟ್ಟಿಯಲ್ಲಿ ಮುಂದಿದ್ದವರಿಗೆ ಕೊಟ್ಟಾಗಿತ್ತು. 'ಫಲಾನುಭವಿ ಆಸಕ್ತಿ ತೋರಿಲ್ಲ' ಎಂದು ಬರೆದಿದ್ದರು. ಆ ಮಾತು ಇನ್ನೂ ಮನಸ್ಸಿನಲ್ಲಿ ಕುಟುಕುತ್ತದೆ.

ಸಣ್ಣ ಹೊಂಡಕ್ಕೆ ಇಷ್ಟು ಯಾಕೆ ಅಂತೀರಾ? ನಾನು ಕೇಳಿದ್ದು 12 ಮೀಟರ್ ಉದ್ದ, 12 ಅಗಲ, 3 ಆಳದ್ದು. ಸುತ್ತ ಇಳಿಜಾರು ಬಿಟ್ಟು ತೋಡಿದರೆ ಹೆಚ್ಚುಕಡಿಮೆ 2.5 ಲಕ್ಷ ಲೀಟರ್ ನೀರು ನಿಲ್ಲುತ್ತದೆ. ಒಂದು ಎಕರೆಗೆ ಒಂದು ಇಂಚು ನೀರು ಕೊಡಲು ಸುಮಾರು 1 ಲಕ್ಷ ಲೀಟರ್ ಬೇಕು. ಅಂದರೆ ನನ್ನ ಕೆಳಗಿನ ಹೊಲಕ್ಕೆ ಸರಿಯಾಗಿ ಒಂದು ಸಲದ ನೀರು. ತೊಗರಿ ಹೂ ಬಿಡುವಾಗ, ಕಾಯಿ ಕಟ್ಟುವಾಗ ಆ ಒಂದು ನೀರೇ ಲೆಕ್ಕಕ್ಕೆ ಬರುವುದು. ಆ ವರ್ಷ ಹೂವಿನ ಹೊತ್ತಿಗೆ ನಮ್ಮಲ್ಲಿ ಮಳೆ ಕೈಕೊಟ್ಟಿತು. ಹಳೇ ಹೊಂಡ ಇರುವ ಪಕ್ಕದ ಹೊಲದವರು ಡೀಸೆಲ್ ಪಂಪ್ ಹಚ್ಚಿ ಒಮ್ಮೆ ಸ್ಪ್ರಿಂಕ್ಲರ್ ಬಿಟ್ಟರು. ಬೀಜ ಇಬ್ಬರದ್ದೂ ಟಿಎಸ್-3ಆರ್ ತಳಿಯದೇ. ಅವರಿಗೆ ಎಕರೆಗೆ ಆರು ಕ್ವಿಂಟಲ್, ನನಗೆ ನಾಲ್ಕು. ಆ ವರ್ಷದ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ ಹಿಡಿದರೂ ಎರಡೂವರೆ ಎಕರೆಗೆ 37,750 ರೂಪಾಯಿ ಹೋಯಿತು.

ಕೃಷಿ ಭಾಗ್ಯ 2014-15ರಲ್ಲಿ ಶುರುವಾದ ಯೋಜನೆ. ನಡುವೆ ನಿಂತು, 2023-24ರಲ್ಲಿ ಮತ್ತೆ ಬಂತು. ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ಶೇ 80, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 90 ಸಹಾಯಧನ. ಹೊಂಡದ ಜೊತೆ ಬದು, ತಂತಿ ಬೇಲಿ, ಪಂಪ್‌ಸೆಟ್, ತುಂತುರು ನೀರಾವರಿ ಎಲ್ಲ ಸೇರಿದೆ. ಯೋಜನೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದರ ಕ್ಯಾಲೆಂಡರ್ ನಮ್ಮ ಮಣ್ಣಿಗೆ ಹೊಂದಿಲ್ಲ, ಅಷ್ಟೇ. ಸರ್ಕಾರದ ವರ್ಷ ಏಪ್ರಿಲ್‌ಗೆ ಶುರು. ಗುರಿ ಬಂದು, ಪಟ್ಟಿಯಾಗಿ, ಮಂಜೂರಾಗುವಷ್ಟರಲ್ಲಿ ಮಳೆಗಾಲ. ನಮ್ಮ ಹೊಲ ಖಾಲಿಯಾಗುವುದು ತೊಗರಿ ರಾಶಿ ಮುಗಿದ ಮೇಲೆ, ಜನವರಿ ಕೊನೆಗೆ. ಅಲ್ಲಿಂದ ಮೇ ತನಕ ಎರೆ ಒಣಗಿ ಬಿರುಕು ಬಿಟ್ಟಿರುತ್ತದೆ, ಮಷೀನ್ ಎಲ್ಲಿ ಬೇಕಾದರೂ ಓಡಾಡುತ್ತದೆ. ನಡುವೆ ಸರ್ಕಾರದ ವರ್ಷ ಮುಗಿಯುವ ಮಾರ್ಚ್ 31 ಅಡ್ಡ ಬರುತ್ತದೆ.

ಇದರಿಂದ ಇನ್ನೊಂದು ಅನಾಹುತ ಆಗುತ್ತದೆ. ಬೆಳೆ ನಿಂತ ಹೊಲದಲ್ಲಿ ಅವಸರಕ್ಕೆ ತೋಡುವವರು ನೀರು ಎಲ್ಲಿ ಬರುತ್ತದೆ ಅಂತ ನೋಡುವುದಿಲ್ಲ, ಮಷೀನ್ ಎಲ್ಲಿ ನಿಲ್ಲುತ್ತದೆ ಅಂತ ನೋಡುತ್ತಾರೆ. ನಮ್ಮೂರಲ್ಲಿ ರಸ್ತೆ ಪಕ್ಕದ ದಿಬ್ಬದ ಮೇಲೆ ಒಂದು ಹೊಂಡ ಇದೆ. ಅದರೊಳಗೆ ನೇರ ಬಿದ್ದ ಮಳೆ ಬಿಟ್ಟರೆ ಹನಿ ನೀರು ಬರುವುದಿಲ್ಲ. ಜನ ಅದಕ್ಕೆ ಸರ್ಕಾರಿ ಕುಣಿ ಅಂತಾರೆ. ಬದು ಹಾಕದೆ ಬರೀ ಕುಣಿ ತೋಡಿದವರ ಹೊಂಡ ಎರಡು ಮಳೆಗಾಲಕ್ಕೆ ಹೂಳು ತುಂಬಿತು. ಫೋಟೊದಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ.

ವಿಚಿತ್ರ ಏನೆಂದರೆ ಮಾಹಿತಿ ಸರ್ಕಾರದ ಹತ್ತಿರವೇ ಇದೆ. ಸುಜಲಾ-3 ಜಲಾನಯನ ಯೋಜನೆಯಲ್ಲಿ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆ ಇದ್ದವು. ಆಯ್ದ ಕಿರು ಜಲಾನಯನಗಳಲ್ಲಿ ಮಣ್ಣಿನ ಆಳ, ಇಳಿಜಾರು ಎಲ್ಲ ನೋಡಿ, ಭೂ ಸಂಪನ್ಮೂಲದ ಕಾರ್ಡ್ ಮಾಡಿದ್ದಾರೆ. ಆ ಹಳ್ಳಿಗಳಲ್ಲಾದರೂ ಜಾಗ ಗುರುತಿಸುವಾಗ ಅದನ್ನು ತೆಗೆದು ನೋಡಬಹುದಲ್ವಾ?

ನಾನು ಕೇಳುವುದು ಹೆಚ್ಚಿನ ದುಡ್ಡಲ್ಲ. ತೊಗರಿ ಬೆಳೆಯುವ ಎರೆ ಭಾಗಕ್ಕೆ ಅರ್ಜಿ ನವೆಂಬರ್‌ನಲ್ಲಿ ಕರೆಯಿರಿ. ಕಾರ್ಯಾದೇಶ ಜನವರಿ ಕೊನೆಗೆ ಕೊಡಿ. ಕೆಲಸ ಮುಗಿಸಲು ಮೇ 31ರ ತನಕ ಬಿಡಿ, ಬಿಲ್ಲು ಮುಂದಿನ ವರ್ಷದ ಲೆಕ್ಕಕ್ಕೆ ಹೋದರೆ ಹೋಗಲಿ. ಆರ್ಥಿಕ ಇಲಾಖೆಯವರು ಒಪ್ಪುವುದಿಲ್ಲ ಎಂದು ಕೆಳಗಿನ ಅಧಿಕಾರಿಗಳು ಹೇಳುತ್ತಾರೆ. ಆ ಇಲಾಖೆಯವರನ್ನು ಒಪ್ಪಿಸುವ ಕೆಲಸ ನಮ್ಮ ಜಿಲ್ಲೆಯ ಶಾಸಕರದ್ದು, ಮಂತ್ರಿಗಳದ್ದು. ತೊಗರಿ ಕಣಜ ಎಂದು ಭಾಷಣ ಮಾಡುವಾಗ ಇದನ್ನೂ ಒಂದು ಮಾತು ಸೇರಿಸಲಿ.

ಈ ವರ್ಷ ಅರ್ಜಿ ಮತ್ತೆ ಕೊಟ್ಟಿದ್ದೇನೆ. ಜೂನ್‌ನಲ್ಲಿ ಕೆಳಗಿನ ಹೊಲದ ಮೂಲೆಯಲ್ಲಿ ಐದು ಗುಂಟೆ ಬಿತ್ತದೆ ಬಿಟ್ಟೆ. ಹೊಂಡಕ್ಕೆ ಒಂದೂವರೆ ಗುಂಟೆ ಸಾಕು, ಉಳಿದದ್ದು ಮಷೀನ್ ತಿರುಗಲು, ಮಣ್ಣು ಹಾಕಲು. ಸೆಪ್ಟೆಂಬರ್ ಮಳೆಗೆ ಆ ಮೂಲೆಯಲ್ಲಿ ಮೊಣಕಾಲು ನೀರು ನಿಂತಿತ್ತು, ಜಾಗ ಸರಿ ಇದೆ ಅಂತ ಖಾತ್ರಿಯಾಯಿತು. ಕಾರ್ಯಾದೇಶ ಇನ್ನೂ ಬಂದಿಲ್ಲ. ಸದ್ಯಕ್ಕೆ ಅಲ್ಲಿ ಪಕ್ಕದ ಮನೆಯವರ ಎಮ್ಮೆ ಮೇಯುತ್ತಿದೆ.

– ಒಬ್ಬ ತೊಗರಿ ಬೆಳೆಗಾರ, ಕಲಬುರಗಿ ಜಿಲ್ಲೆ