ಸಿಂಹಗಡ ಇಳಿದ ನೋವಿಗೆ ಆಮ್ಲದ ಮೇಲೇಕೆ ದೂರು?

ಮಾನ್ಯ ಸಂಪಾದಕರೇ,

ವ್ಯಾಯಾಮದ ಮರುದಿನ ಕಾಡುವ ನೋವಿಗೆ ಸ್ನಾಯುಗಳಲ್ಲಿ ಉಳಿದುಹೋದ ಲ್ಯಾಕ್ಟಿಕ್ ಆಮ್ಲವೇ ಕಾರಣ, ಮಾಲೀಶು ಮಾಡಿಸಿ ಅದನ್ನು ಹೊರಹಾಕಬೇಕು ಎಂಬ ಮಾತು ಪುಣೆಯ ಜಿಮ್‌ಗಳಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಅಂಗಕ್ರಿಯಾಶಾಸ್ತ್ರ ಕಲಿಸಿ ನಿವೃತ್ತನಾಗಿ, ಈಗ ಭಾನುವಾರಗಳಂದು ಕನ್ನಡಿಗ ಗೆಳೆಯರೊಂದಿಗೆ ಊರಿನ ಬಳಿಯ ಬೆಟ್ಟದ ಕೋಟೆ ಸಿಂಹಗಡ ಹತ್ತುವ ನನಗೆ ಇದನ್ನು ತಿದ್ದದೆ ಇರಲಾಗುತ್ತಿಲ್ಲ.

ಹತ್ತುವಾಗ ತೊಡೆ ಉರಿಯುವುದೂ ರಕ್ತದಲ್ಲಿ ಲ್ಯಾಕ್ಟೇಟ್ (ದೇಹದಲ್ಲಿ ಲ್ಯಾಕ್ಟಿಕ್ ಆಮ್ಲ ಇರುವ ರೂಪ) ಏರುವುದೂ ನಿಜ. ಆದರೆ ಮೇಲೆ ಕುಳಿತು ಪಿಠ್ಲಾ-ಭಾಕ್ರಿ ತಿಂದು, ಮಡಕೆಯ ಮೊಸರು ಮುಗಿಸುವ ಒಂದು ಗಂಟೆಯೊಳಗೆ ಅದು ಬಹುಮಟ್ಟಿಗೆ ಇಳಿದಿರುತ್ತದೆ. ಹೃದಯವೂ ಇತರ ಸ್ನಾಯುಗಳೂ ಅದನ್ನು ಇಂಧನವಾಗಿ ಬಳಸುತ್ತವೆ, ಯಕೃತ್ತು ಅದರಿಂದ ಮತ್ತೆ ಗ್ಲೂಕೋಸ್ ತಯಾರಿಸುತ್ತದೆ. ಸೋಮವಾರ ತಲೆಯೆತ್ತಿ, ಮಂಗಳವಾರ ಮೆಟ್ಟಿಲಿಳಿಯಲೂ ಬಿಡದ ನೋವು ಮುಖ್ಯವಾಗಿ ಗಡ ಇಳಿದದ್ದರ ಫಲ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ದೇಹದ ಭಾರವನ್ನು ತಡೆಯುತ್ತ, ತಾನು ಬಿಗಿದಿರುವಾಗಲೇ ಉದ್ದಕ್ಕೆ ಎಳೆಯಲ್ಪಡುತ್ತದೆ. ಆ ಎಳೆತಕ್ಕೆ ನಾರುಗಳೊಳಗಿನ ಸೂಕ್ಷ್ಮ ರಚನೆ ಅಲ್ಲಲ್ಲಿ ಕೆಟ್ಟು, ದುರಸ್ತಿಗಾಗಿ ಉರಿಯೂತ ಶುರುವಾಗಿ, 24ರಿಂದ 72 ಗಂಟೆಗಳ ನಡುವೆ ನೋವು ಹೆಚ್ಚುತ್ತದೆ. 1983ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಟ್ರೆಡ್‌ಮಿಲ್ಲಿನ ಮೇಲೆ 45 ನಿಮಿಷ ಸಮತಟ್ಟಿನಲ್ಲೂ ಶೇ 10ರ ಇಳಿಜಾರಿನಲ್ಲೂ ಓಡಿಸಿ ನೋಡಿದಾಗ, ಲ್ಯಾಕ್ಟಿಕ್ ಆಮ್ಲ ಗಮನಾರ್ಹವಾಗಿ ಏರಿದ್ದು ಸಮತಟ್ಟಿನ ಓಟದಲ್ಲಿ, ನೋವು ಕಾಣಿಸಿಕೊಂಡದ್ದು ಇಳಿಜಾರಿನ ಓಟದ ಬಳಿಕ.

ಆಮ್ಲಕ್ಕೆ ಈ ಅಪಕೀರ್ತಿ ಅಂಟಿದ್ದರ ಹಿಂದೆ 1907ರಲ್ಲಿ ಬ್ರಿಟಿಷ್ ವಿಜ್ಞಾನಿಗಳಾದ ಫ್ಲೆಚರ್ ಮತ್ತು ಹಾಪ್‌ಕಿನ್ಸ್ ಕಪ್ಪೆಯ ಸ್ನಾಯುವಿನ ಮೇಲೆ ಮಾಡಿದ ಪ್ರಯೋಗಗಳಿವೆ. ದಣಿದ ಸ್ನಾಯುವಿನಲ್ಲಿ ಆಮ್ಲ ಸೇರಿದ್ದನ್ನು ಅವರು ಸರಿಯಾಗಿಯೇ ಕಂಡರು. ಆದರೆ ದೇಹದಿಂದ ಬೇರ್ಪಡಿಸಿ, ರಕ್ತವೇ ಹರಿಯದ ಸ್ನಾಯುವಿನಿಂದ ಆಮ್ಲ ಹೋಗುವುದಾದರೂ ಎಲ್ಲಿಗೆ? ತತ್‌ಕ್ಷಣದ ದಣಿವಿಗೆ ಸ್ನಾಯುವಿನ ತುರ್ತು ಶಕ್ತಿಯ ದಾಸ್ತಾನಾದ ಕ್ರಿಯೇಟಿನ್ ಫಾಸ್ಫೇಟ್ ಒಡೆದು ಶೇಖರವಾಗುವ ಫಾಸ್ಫೇಟನ್ನೂ, ಸ್ನಾಯುಕೋಶದಲ್ಲಿ ಬಿಗಿತಕ್ಕೆ ಬೇಕಾದ ಕ್ಯಾಲ್ಸಿಯಂ ಬಿಡುಗಡೆ ಕುಗ್ಗುವುದನ್ನೂ ಇಂದಿನ ಸಂಶೋಧಕರು ಹೆಚ್ಚು ಗಮನಿಸುತ್ತಾರೆ.

ಮಾಲೀಶು ಹಿತವೆನಿಸಿದವರು ಧಾರಾಳವಾಗಿ ಮಾಡಿಸಿಕೊಳ್ಳಲಿ, ಆಮ್ಲದ ಹೆಸರಿನಲ್ಲಿ ಹಣ ತೆರುವುದು ಬೇಡ. ಒಮ್ಮೆ ಇಳಿಜಾರಿಗೆ ಒಗ್ಗಿದ ಸ್ನಾಯು ಕೆಲವು ವಾರಗಳವರೆಗೆ ಅಷ್ಟು ನೋಯದಾದ್ದರಿಂದ, ಹೊಸಬರು ಮೊದಲು ಊರೊಳಗಿನ ಪರ್ವತಿ ಗುಡ್ಡದ ಮೆಟ್ಟಿಲುಗಳನ್ನು ಹತ್ತಿಳಿದು ಅಭ್ಯಾಸ ಮಾಡಬಹುದು. ಗಡದಿಂದ ಮೊದಲ ಸಲ ಜೀಪಿನಲ್ಲಿ ಇಳಿದರೂ ನಾಚಿಕೆಯೇನಿಲ್ಲ. ಆದರೆ ನೋವಿನ ಜೊತೆಗೆ ಮೂತ್ರ ಕಡುಗಂದು ಬಣ್ಣಕ್ಕೆ ತಿರುಗಿದರೆ, ಸ್ನಾಯು ವಿಪರೀತವಾಗಿ ಒಡೆದು ಮೂತ್ರಪಿಂಡಕ್ಕೆ ಅಪಾಯವಾಗುವ ಸಂಭವವಿರುವುದರಿಂದ, ಮನೆಮದ್ದಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಇಂತಿ,
ಓರ್ವ ನಿವೃತ್ತ ಅಧ್ಯಾಪಕ, ಕೋಥ್ರೂಡ್, ಪುಣೆ