ಸೋಲಾರ್‌ಗೆ ಬೈಯೋ ಮುಂಚೆ ಇನ್ವರ್ಟರ್ ಸೆಟ್ಟಿಂಗ್ ನೋಡಿ

ಸಂಪಾದಕರೇ,

ಸೋಲಾರ್ ಜಾಸ್ತಿ ಆದ್ರೆ ಗ್ರಿಡ್ ಕೈ ಕೊಡತ್ತೆ ಅಂತ ಯಾರಾದ್ರೂ ಶುರು ಹಚ್ಕೊಂಡ್ರೆ ಸ್ಪೇನ್ ಮಾತು ಬಂದೇ ಬರತ್ತೆ. 2025ರ ಏಪ್ರಿಲ್ 28ರ ಮಧ್ಯಾಹ್ನ ಸ್ಪೇನ್, ಪೋರ್ಚುಗಲ್ ಎರಡ್ರಲ್ಲೂ ಕರೆಂಟ್ ಹೋಗಿದ್ದು ನಿಜ, ಆದ್ರೆ ಅಲ್ಲಿ ಕರೆಂಟ್ ಸಾಲದೆ ಹೋಗಿದ್ದಲ್ಲ, ವೋಲ್ಟೇಜ್ ಏರಿದ್ದು, ಏರಿದ್ದಕ್ಕೆ ಒಂದು ಪ್ಲಾಂಟ್ ಟ್ರಿಪ್, ಅದು ಹೋಗಿದ್ದಕ್ಕೆ ಇನ್ನಷ್ಟು ಏರಿ ಮತ್ತೊಂದು ಟ್ರಿಪ್, ಸೆಕೆಂಡುಗಳ ಆಟ ಅಷ್ಟೇ. ಅಲ್ಲಿನ ಸೋಲಾರ್ ಪ್ಲಾಂಟ್‌ಗಳು ವೋಲ್ಟೇಜ್ ಹಿಡಿಯೋ ಕೆಲಸಕ್ಕೆ ಕೈ ಹಾಕ್ತಾನೇ ಇರ್ಲಿಲ್ಲ, ಬರಲ್ಲ ಅಂತಲ್ಲ, ಫಿಕ್ಸೆಡ್ ಪವರ್ ಫ್ಯಾಕ್ಟರಲ್ಲಿ, ಅಂದ್ರೆ ವೋಲ್ಟೇಜ್ ಏನೇ ಆದ್ರೂ ಒಂದೇ ಸೆಟ್ಟಿಂಗಲ್ಲಿ, ಓಡ್ಸಿ ಅಂತ ರೂಲ್ಸೇ ಇತ್ತು. ಆ ಕೆಲಸ ಮಾಡ್ಬೇಕಿದ್ದ ಹಳೇ ಮಾದರಿ ಪ್ಲಾಂಟ್‌ಗಳೂ ಬೇಕಾದಷ್ಟು ರಿಯಾಕ್ಟಿವ್ ಪವರ್ (ಕೆಲಸ ಮಾಡದೆ ಲೈನಲ್ಲಿ ಹಿಂದೆ ಮುಂದೆ ಓಡಾಡೋ ಪವರ್, ಇದನ್ನ ಹೀರ್ಕೊಂಡ್ರೆ ವೋಲ್ಟೇಜ್ ಇಳಿಯತ್ತೆ) ಹೀರ್ಕೊಳ್ಲಿಲ್ಲ ಅಂತ ಅಲ್ಲಿನ ಸರ್ಕಾರದ ರಿಪೋರ್ಟೇ ಹೇಳ್ತು.

ಇದೇ ಕಥೆ ಚಿಕ್ಕದಾಗಿ ನಮ್ಮನೆ ಮೇಲಿನ ಸೋಲಾರಲ್ಲೂ ನಡೆಯತ್ತೆ. ಬಿಸಿಲು ನೆತ್ತಿಗೇರಿದಾಗ ಇನ್ವರ್ಟರ್ (ಪ್ಯಾನಲ್ ಕರೆಂಟನ್ನ ಮನೆ ಕರೆಂಟ್ ಮಾಡೋ ಡಬ್ಬ) ಮುಂದೆ ನಿಂತ್ಕೊಂಡ್ರೆ ವೋಲ್ಟೇಜ್ 246, 250, 253 ಅಂತ ಏರ್ತಾ ಏರ್ತಾ ಟಕ್ ಅಂತ ರಿಲೇ ಸದ್ದು, ಕೆಂಪು ಲೈಟು, ಅಲ್ಲಿಗೆ ಪ್ರೊಡಕ್ಷನ್ ಸೊನ್ನೆ! ಲೆಕ್ಕ ಸುಲಭ, ಟ್ರಾನ್ಸ್‌ಫಾರ್ಮರ್ ತನಕ ವೈರಿನ ರೆಸಿಸ್ಟೆನ್ಸ್ ಅರ್ಧ ಓಮ್ ಅಂದ್ಕೊಳ್ಳಿ, 20 ಆಂಪಿಯರ್ ಗ್ರಿಡ್‌ಗೆ ವಾಪಸ್ ತಳ್ಳಿದ್ರೆ 10 ವೋಲ್ಟ್ ಏರತ್ತೆ, ಅದೇ ಲೈನಲ್ಲಿ ಅಕ್ಕಪಕ್ಕದವರೂ ತಳ್ತಿರ್ತಾರಲ್ಲ.

ಮದ್ದು ಅದೇ ಡಬ್ಬದೊಳಗಿದೆ. ವೋಲ್ಟ್-ವಾರ್ ಅನ್ನೋ ಸೆಟ್ಟಿಂಗ್ ಆನ್ ಮಾಡಿದ್ರೆ ವೋಲ್ಟೇಜ್ ಏರ್ತಿದ್ದಂಗೆ ಇನ್ವರ್ಟರ್ ರಿಯಾಕ್ಟಿವ್ ಪವರ್ ಹೀರ್ಕೊಳತ್ತೆ. ಫುಲ್ ಕೆಪ್ಯಾಸಿಟಿಯಲ್ಲಿ 10% ವಿದ್ಯುತ್ ಬಿಟ್ಕೊಟ್ರೆ ಸುಮಾರು 44% ರಿಯಾಕ್ಟಿವ್ ಪವರ್‌ಗೆ ಜಾಗ ಸಿಗತ್ತೆ, ಇದು ಲಂಬಕೋನ ತ್ರಿಭುಜದ ಲೆಕ್ಕ, ಸ್ಕೂಲಲ್ಲಿ ಓದಿದ್ದೇ. ಮನೆ ಲೈನ್‌ಗಳಲ್ಲಿ ರೆಸಿಸ್ಟೆನ್ಸ್‌ದೇ ಕಾರುಬಾರು, ಅದಕ್ಕೇ ಇದೊಂದ್ರಿಂದ ಪೂರ್ತಿ ಬಗೆಹರಿಯಲ್ಲ, ಜೊತೆಗೆ ವೋಲ್ಟ್-ವ್ಯಾಟ್ ಬೇಕು, ಅಂದ್ರೆ ಪೂರ್ತಿ ಆಫ್ ಆಗೋ ಬದಲು ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ಕೊಳ್ಳೋದು. ಆಸ್ಟ್ರೇಲಿಯಾದಲ್ಲಿ 2021ರ ಡಿಸೆಂಬರ್‌ನಿಂದ ಹೊಸ ಇನ್ವರ್ಟರ್‌ಗಳಿಗೆ ಎರಡೂ ಕಡ್ಡಾಯ. ಬ್ಯಾಟರಿ, ಮಧ್ಯಾಹ್ನ ನೀರಿನ ಪಂಪು ಹಾಕೋದು, ಟ್ರಾನ್ಸ್‌ಫಾರ್ಮರ್ ಟ್ಯಾಪ್ ಬದಲಾಯಿಸಿ ವೋಲ್ಟೇಜ್ ಇಳಿಸೋದು, ಇವೆಲ್ಲ ಆಮೇಲೆ ಇದ್ದೇ ಇದೆ.

ನಮ್ಮನೇಲಿ ಸೋಲಾರ್ ಹಾಕಿಕೊಟ್ಟವರನ್ನ ವೋಲ್ಟ್-ವಾರ್ ಯಾಕೆ ಆಫ್ ಇದೆ ಅಂತ ಕೇಳ್ದೆ. ಫ್ಯಾಕ್ಟರಿ ಸೆಟ್ಟಿಂಗ್ ಸಾರ್, ಅದನ್ನೆಲ್ಲ ಮುಟ್ಬೇಡಿ ಅಂದ್ರು.

ಇಂತಿ,
ನಿಮ್ಮ ಓದುಗ