ನಗುವವರ ಪಕ್ಕದ ಸೀಟಿನಲ್ಲಿ ಕೂತು ಬರೆ

ಪ್ರೀತಿಯ ತಂಗಿ,

ನಿನ್ನ ಲೇಖನ ಎರಡು ಸಲ ಓದಿದೆ. ಫಿಲಿಪ್ಪೀನ್ಸಿನ ‘ಮೈ ಲಿಟಲ್ ಬಾಸಿಂಗ್ಸ್’ ಸಿನಿಮಾದ ಬಗ್ಗೆ ಕನ್ನಡದಲ್ಲಿ ಯಾರಾದರೂ ಬರೆಯುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ಖುಷಿಯಾಯಿತು. ಆದರೆ ಒಂದು ಸಾಲು ಚುಚ್ಚಿತು. ‘ಇಂಥ ಸಿನಿಮಾಕ್ಕೆ ಕ್ಯೂ ನಿಂತ ಜನರ ಅಭಿರುಚಿಗೆ ಏನು ಹೇಳುವುದು?’ ಅಂತ ಬರೆದಿದ್ದೀಯಲ್ಲ, ಆ ಸಾಲು. ಅದನ್ನು ಓದಿದ ಮೇಲೆ ಸುಮ್ನೆ ‘ಚೆನ್ನಾಗಿದೆ’ ಅಂತ ಮೆಸೇಜ್ ಹಾಕಲು ಮನಸ್ಸಾಗಲಿಲ್ಲ. ಅದಕ್ಕೇ ಈ ಪತ್ರ.

ಸಿನಿಮಾ ಚೆನ್ನಾಗಿಲ್ಲ. ಅದರಲ್ಲಿ ನಮ್ಮಿಬ್ಬರಿಗೂ ತಕರಾರಿಲ್ಲ. 2013ರ ಡಿಸೆಂಬರ್ 25ಕ್ಕೆ ಬಂತು, ವಿಮರ್ಶಕರು ತರಾಟೆಗೆ ತೆಗೆದುಕೊಂಡರು, ಥಿಯೇಟರು ಮಾತ್ರ ತುಂಬಿ ತುಳುಕಿತು. ಆ ಹಬ್ಬದಲ್ಲಿ ಜಾಸ್ತಿ ದುಡ್ಡು ಮಾಡಿದ ಎರಡು ಚಿತ್ರಗಳಲ್ಲಿ ಅದೂ ಒಂದು. ಇಷ್ಟನ್ನು ನೀನೂ ಬರೆದಿದ್ದೀಯ. ಆ ಕ್ಯೂನಲ್ಲಿ ನಿಂತವರು ಯಾರು ಅನ್ನುವುದನ್ನು ಬರೆದಿಲ್ಲ.

ನನಗೆ ಅವರಲ್ಲಿ ಮೂವರು ಗೊತ್ತು, ಒಬ್ಬ ಅಜ್ಜಿ, ಇಬ್ಬರು ಮೊಮ್ಮಕ್ಕಳು. ಆಗ ನಾನು ಶಾರ್ಜಾದಲ್ಲಿ ನರ್ಸ್ ಆಗಿದ್ದೆ. ರೂಮಿನಲ್ಲಿ ನಾವು ನಾಲ್ವರು. ಉಡುಪಿ ಕಡೆಯವಳು ನಾನು, ಕೇರಳದವಳೊಬ್ಬಳು, ಫಿಲಿಪ್ಪೀನ್ಸಿನವರು ಇಬ್ಬರು. ಅವರಲ್ಲೊಬ್ಬಳ ಊರು ಪನಾಯ್ ದ್ವೀಪದ ಉತ್ತರಕ್ಕೆ. ಆ ವರ್ಷ ನವೆಂಬರ್ 8ಕ್ಕೆ ಹೈಯಾನ್ ಚಂಡಮಾರುತ ಬಡಿಯಿತು. ಅಲ್ಲಿಯವರು ಅದನ್ನು ಯೊಲಾಂಡಾ ಅನ್ನುತ್ತಾರೆ. ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಇವಳಿಗೆ ಮೂರು ದಿನ ಮನೆಯ ಫೋನ್ ಸಿಗಲಿಲ್ಲ. ನಾಲ್ಕನೇ ದಿನ ಸಿಕ್ಕಿತು. ಅಮ್ಮ, ಇಬ್ಬರು ಮಕ್ಕಳು ಬದುಕಿದ್ದರು, ಮನೆಯ ಸೂರು ಹಾರಿಹೋಗಿತ್ತು. ಅವರು ಇಲೊಯ್ಲೊ ಪೇಟೆಯಲ್ಲಿ ನೆಂಟರ ಮನೆ ಸೇರಿದರು.

ಡಿಸೆಂಬರಿನಲ್ಲಿ ಸಂಬಳ ಬಂದ ದಿನ ಅವಳು ಮಂಚದ ಮೇಲೆ ಕೂತು ಔಷಧಿ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಬರೆದಳು. ತಗಡಿಗೆ ಇಷ್ಟು, ಮೊಳೆಗೆ ಇಷ್ಟು, ಅಕ್ಕಿಗೆ ಇಷ್ಟು. ಕೊನೆಯಲ್ಲಿ ಒಂದು ಗೆರೆ ಎಳೆದು, ಅದರ ಕೆಳಗೆ ‘ಸಿನಿಮಾ’ ಅಂತ ಬರೆದಳು. ಹಣ ಸಾಲದು ಅಂತ ಮೊಳೆಯ ಲೆಕ್ಕ ತಿದ್ದಿದಳು. ಸಿನಿಮಾದ ಲೆಕ್ಕ ತಿದ್ದಲಿಲ್ಲ.

ಕ್ರಿಸ್‌ಮಸ್ ಕಳೆದ ಮೇಲೆ ವಿಡಿಯೊ ಕಾಲ್ ಬಂತು. ಏಳು ವರ್ಷದ ಮಗಳು ಹಣೆಯ ಮೇಲೆ ಕೂದಲು ಇಳಿಬಿಟ್ಟುಕೊಂಡು, ಸಿನಿಮಾದ ಪುಟ್ಟ ಹುಡುಗಿ ರಿಜ್ಜಾ ಮೇ ಡಿಜಾನ್ ಥರ ಸೊಂಟ ಕುಣಿಸಿ ತೋರಿಸಿದಳು. ಹಿಂದೆ ಅಜ್ಜಿ ಬಾಯಿಗೆ ಸೆರಗಿಲ್ಲದ ಕಾರಣ ಅಂಗೈ ಅಡ್ಡ ಹಿಡಿದು ನಗುತ್ತಿದ್ದರು. ಇವಳೂ ನಕ್ಕಳು, ಒಂದೇ ಸಮನೆ. ಫೋನ್ ಇಟ್ಟ ಮೇಲೆ ಬಾತ್‌ರೂಮಿಗೆ ಹೋದವಳು ಹೊರಗೆ ಬರಲು ತುಂಬ ಹೊತ್ತಾಯಿತು.

ಈಗ ನಿನ್ನ ಆ ಸಾಲನ್ನು ಇನ್ನೊಮ್ಮೆ ಓದು ಮಾರಾಯ್ತಿ.

ಅಲ್ಲಿಯ ಕ್ರಿಸ್‌ಮಸ್ ಸಿನಿಮಾ ಅಂದರೆ ಏನು ಅನ್ನುವುದೂ ನಿನ್ನ ಲೇಖನದಲ್ಲಿ ಬರಬೇಕು. ಮೆಟ್ರೊ ಮನಿಲಾ ಚಿತ್ರೋತ್ಸವ 1975ರಿಂದ ನಡೆಯುತ್ತಿದೆ. ಡಿಸೆಂಬರ್ 25ರಿಂದ ಜನವರಿ ಮೊದಲ ವಾರದವರೆಗೆ ದೇಶದ ಮಾಮೂಲಿ ಥಿಯೇಟರುಗಳಲ್ಲಿ ಹೊರಗಿನ ಸಿನಿಮಾ ಇಲ್ಲ, ತಮ್ಮ ನಾಡಿನದೇ. ಧರ್ಮಪಿತ, ಧರ್ಮಮಾತೆಯರು ಮಕ್ಕಳ ಕೈಗೆ ಹಬ್ಬದ ಕಾಸು ಹಾಕುತ್ತಾರೆ, ಅದಕ್ಕೆ ಆಗಿನಾಲ್ಡೊ ಅಂತ ಹೆಸರು. ಆ ಕಾಸು ಹಿಡಿದು ಇಡೀ ಮನೆ ಹೊರಡುತ್ತದೆ. ಎಷ್ಟೋ ಮನೆಯವರು ಎಲ್ಲರೂ ಒಟ್ಟಿಗೆ ಥಿಯೇಟರಿಗೆ ಹೋಗುವುದು ವರ್ಷಕ್ಕೆ ಅದೊಂದೇ ಸಲ.

ಪರದೆಯ ಮೇಲೆ ಅವರಿಗೆ ಕಾಣುವುದು ಹೊಸ ಮುಖಗಳೂ ಅಲ್ಲ. ಹಾಸ್ಯನಟ ವಿಕ್ ಸೊಟ್ಟೊ ಅವರನ್ನು ಇಡೀ ದೇಶ ‘ಬಾಸಿಂಗ್’ ಅಂತ ಕರೆಯುತ್ತದೆ. ‘ಈಟ್ ಬುಲಾಗಾ’ ಎಂಬ ಮಧ್ಯಾಹ್ನದ ಟಿ.ವಿ. ಕಾರ್ಯಕ್ರಮದಲ್ಲಿ 1979ರಿಂದ ಅವರು ಊಟದ ಹೊತ್ತಿಗೆ ಮನೆಮನೆಗೆ ಬಂದಿದ್ದಾರೆ. ಐಸ್ ಸೆಗೆರ್ರಾ, ಆಗ ಐಜಾ ಎಂಬ ಹೆಸರು, 1987ರಲ್ಲಿ ಅದೇ ಕಾರ್ಯಕ್ರಮದ ಮಕ್ಕಳ ಸ್ಪರ್ಧೆಯಿಂದ ಬೆಳಕಿಗೆ ಬಂದವರು. 2012ರಲ್ಲಿ ಅದೇ ಸ್ಪರ್ಧೆ ಗೆದ್ದವಳು ರಿಜ್ಜಾ. ಈ ಮೂವರೂ ಈ ಸಿನಿಮಾದಲ್ಲಿದ್ದಾರೆ. ಅಜ್ಜಿಗೆ ಬಾಸಿಂಗ್, ಅಮ್ಮನ ವಯಸ್ಸಿನವರಿಗೆ ಐಜಾ, ಮೊಮ್ಮಗಳಿಗೆ ರಿಜ್ಜಾ. ಹಬ್ಬದ ದಿನ ಮನೆಗೆ ಬಂದ ನೆಂಟರ ಹಾಗೆ. ಕಥೆ ತೆಳುವಾಗಿದ್ದರೂ ಜನ ಯಾಕೆ ಕೂತು ನೋಡಿದರು ಅಂತ ನೀನು ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ.

ಇದನ್ನೆಲ್ಲ ಹೇಳಿದ್ದು ನೀನು ಮೆತ್ತಗಾಗಲಿ ಅಂತ ಅಲ್ಲ. ಇನ್ನೂ ಗಟ್ಟಿಯಾಗಿ ಬರೆಯಲಿ ಅಂತ.

ಸಿನಿಮಾದೊಳಗೆ ಜಾಹೀರಾತು ತುರುಕಿದ್ದಾರೆ ಅನ್ನುವುದು ಆಗ ಎಲ್ಲರ ದೂರು. ನೀನೂ ‘ಜಾಹೀರಾತಿನ ಹಾವಳಿ’ ಅಂತ ಎರಡು ಪದದಲ್ಲಿ ಮುಗಿಸಿದ್ದೀಯ. ಅಷ್ಟು ಸಾಲದು. ಗಡಿಯಾರ, ಪೆನ್ನು ಹಿಡಿದು ಮತ್ತೆ ನೋಡು. ಎಲ್ಲಿ ಕಥೆ ನಿಂತು ಸರಕು ಮಾತಾಡಲು ಶುರು ಮಾಡುತ್ತದೆ, ಎಷ್ಟು ಸೆಕೆಂಡು, ಯಾರ ಬಾಯಿಂದ, ಅದಕ್ಕೆ ಮುಂಚಿನ ದೃಶ್ಯದಲ್ಲಿ ನಗು ಹುಟ್ಟಿತ್ತೇ, ಆಮೇಲೆ ಉಳಿಯಿತೇ. ಒಂದೇ ಒಂದು ದೃಶ್ಯ ಹಾಗೆ ಬಿಡಿಸಿ ಬರೆ. ಆಮೇಲೆ ಹೇಳು: ಸೂರಿಲ್ಲದ ಮನೆಯ ಅಜ್ಜಿ ಮೊಳೆಯ ದುಡ್ಡಿನಲ್ಲಿ ಟಿಕೆಟ್ ತೆಗೆದು ಒಳಗೆ ಕೂತಿದ್ದಾಳೆ, ಅವಳಿಗೆ ಹಬ್ಬದ ನಗು ಕೊಡುತ್ತೇವೆ ಅಂತ ಕರೆದವರು ಅಂಗಡಿ ತೆರೆದಿದ್ದಾರೆ. ನಿನ್ನ ಸಿಟ್ಟು ಅವಳ ಪರವಾಗಿ ಬರಲಿ. ಈಗ ಅದು ಅವಳ ಮೇಲೇ ಬಿದ್ದಿದೆ.

ನಿರ್ದೇಶಕರ ಹೆಸರನ್ನು ನೀನು ಒಂದು ಸಲ ಹೇಳಿ ಬಿಟ್ಟಿದ್ದೀಯ. ಮಾರ್ಲನ್ ರಿವೇರಾ. ಜಾಹೀರಾತು ಲೋಕದಿಂದ ಬಂದವರು. 2011ರಲ್ಲಿ ಇವರೇ ‘ಆಂಗ್ ಬಬಾಯೆ ಸ ಸೆಪ್ಟಿಕ್ ಟ್ಯಾಂಕ್’ ಮಾಡಿದ್ದು, ಕ್ರಿಸ್ ಮಾರ್ಟಿನೆಜ್ ಬರೆದಿದ್ದು. ಬಡತನವನ್ನು ತೋರಿಸಿ ಹೊರದೇಶದ ಬಹುಮಾನ ಹೊಡೆಯಲು ಹೊರಟ ಮೂವರು ಯುವ ಸಿನಿಮಾದವರ ಕಥೆ. ಬಡವರನ್ನು ಸರಕು ಮಾಡುವವರನ್ನು ಅದು ಎಷ್ಟು ಚೆನ್ನಾಗಿ ಹಿಡಿಯುತ್ತದೆ ಗೊತ್ತಾ! ಅಲ್ಲಿಯ ಸ್ವತಂತ್ರ ಸಿನಿಮಾಗಳ ಉತ್ಸವ ಸಿನೆಮಲಾಯಾದಲ್ಲಿ ಪ್ರಶಸ್ತಿಯನ್ನೂ ಪಡೆಯಿತು. ಎರಡೇ ವರ್ಷದಲ್ಲಿ ಅದೇ ಕೈಯಿಂದ ಈ ಸಿನಿಮಾ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡು. ಅವರ ಮನಸ್ಸಿನಲ್ಲಿ ಏನಿತ್ತು ಅಂತ ಊಹಿಸಲು ಮಾತ್ರ ಹೋಗಬೇಡ. ಪರದೆಯ ಮೇಲೆ ಇರುವುದೇ ನಿನಗೆ ಬೇಕಾದಷ್ಟಿದೆ.

ಇನ್ನೊಂದು ಮಾತು, ಇದು ಅಕ್ಕನ ಸಲುಗೆಯಿಂದ. ಸಿನಿಮಾದ ಪುಟ್ಟ ಹುಡುಗ ಬಿಂಬಿಯ ನಟನೆ ಬಗ್ಗೆ ಎರಡು ಪ್ಯಾರಾ ಬರೆದಿದ್ದೀಯ. ನಟಿ ಕ್ರಿಸ್ ಅಕೀನೊ ಅವರ ಮಗ, ಆಗಿನ ಅಧ್ಯಕ್ಷರ ಸೋದರಳಿಯ, ಎಲ್ಲ ನಿಜ. ಆದರೆ ಅವನಿಗೆ ಆಗ ಆರು ವರ್ಷ. ಆ ಎರಡು ಪ್ಯಾರಾ ತೆಗೆದುಬಿಡು. ಮಗುವನ್ನು ಕ್ಯಾಮೆರಾ ಮುಂದೆ ನಿಲ್ಲಿಸಿದ ದೊಡ್ಡವರ ಬಗ್ಗೆ ಎಷ್ಟು ಬೇಕಾದರೂ ಬರೆ. ರಿಜ್ಜಾಗೆ ಆ ಉತ್ಸವದಲ್ಲಿ ಬಾಲನಟಿ ಬಹುಮಾನ ಬಂತು, ಅದನ್ನು ಸೇರಿಸು. ಅವಳ ಟೈಮಿಂಗ್ ಚೆನ್ನಾಗಿದೆ, ಅದನ್ನು ಒಪ್ಪಿಕೊಂಡರೆ ನಿನ್ನ ಉಳಿದ ಟೀಕೆಗೆ ತೂಕ ಬರುತ್ತದೆ.

2016ರ ಕಥೆಯನ್ನೂ ಬಿಡಬೇಡ. ಆ ವರ್ಷ ಮನಿಲಾ ಚಿತ್ರೋತ್ಸವದ ಆಯ್ಕೆ ಸಮಿತಿ ಇಂಥ ಕಾಮಿಡಿಗಳನ್ನು ಹೊರಗಿಟ್ಟಿತು. ವಿಕ್ ಸೊಟ್ಟೊ, ಇನ್ನೊಬ್ಬ ಹಾಸ್ಯತಾರೆ ವೈಸ್ ಗಾಂಡಾ ಇಬ್ಬರ ಸಿನಿಮಾಗಳೂ ನವೆಂಬರ್ 30ಕ್ಕೇ ಬಂದವು. ವೈಸ್ ಗಾಂಡಾ ಅವರದು ಭರ್ಜರಿ ಓಡಿತು, ಉತ್ಸವದ ಗಳಿಕೆ ಕುಸಿಯಿತು, ಮರುವರ್ಷ ನಿಯಮ ಮತ್ತೆ ಬದಲಾಯಿತು. ಆದರೆ ಆ ವರ್ಷ ಅತ್ಯುತ್ತಮ ಚಿತ್ರ ಆದದ್ದು ಯಾವುದು ಗೊತ್ತಾ? ‘ಸಂಡೇ ಬ್ಯೂಟಿ ಕ್ವೀನ್’. ಹಾಂಗ್‌ಕಾಂಗ್‌ನಲ್ಲಿ ಮನೆಗೆಲಸ ಮಾಡುವ ಫಿಲಿಪ್ಪೀನ್ಸ್ ಹೆಂಗಸರ ಸಾಕ್ಷ್ಯಚಿತ್ರ, ಬೇಬಿ ರೂತ್ ವಿಲ್ಲರಾಮಾ ಮಾಡಿದ್ದು. ಊರಿಗೆ ದುಡ್ಡು ಕಳಿಸುವ ನನ್ನ ಗೆಳತಿಯಂಥವರದೇ ಬದುಕು ಅದು. ಅವಳಿಗೆ ಎರಡು ಸಿನಿಮಾನೂ ಸೇರಬೇಕು ಅಂತ ನನ್ನ ಆಸೆ. ಮಕ್ಕಳನ್ನು ನಗಿಸುವುದೂ, ಅವಳನ್ನು ತೋರಿಸುವುದೂ. ಒಂದನ್ನು ಹೊಗಳಲು ಇನ್ನೊಂದರ ಪ್ರೇಕ್ಷಕರನ್ನು ತುಳಿಯುವ ಅಗತ್ಯ ನನಗೆ ಕಾಣುವುದಿಲ್ಲ.

ಮೊನ್ನೆ ಅವಳಿಗೆ ಮೆಸೇಜ್ ಹಾಕಿದ್ದೆ. ಆ ಮಗಳು ಈಗ ಕಾಲೇಜು. ‘ಆ ಸಿನಿಮಾ ನೆನಪಿದೆಯಾ?’ ಅಂತ ಕೇಳಿಸಿದೆ. ಕಥೆ ಒಂದು ಚೂರೂ ನೆನಪಿಲ್ಲವಂತೆ. ಅಜ್ಜಿ ನಗುತ್ತಾ ತೊಡೆಯ ಮೇಲಿನ ಪಾಪ್‌ಕಾರ್ನ್ ಚೆಲ್ಲಿದ್ದು, ಕತ್ತಲಲ್ಲಿ ಬಗ್ಗಿ ಒಂದೊಂದಾಗಿ ಹೆಕ್ಕಿದ್ದು ನೆನಪಿದೆಯಂತೆ. ಆ ಹುಡುಗಿ ನಿನ್ನ ಜೊತೆ ಮಾತಾಡಲು ಒಪ್ಪಿದ್ದಾಳೆ. ನಂಬರ್ ಬೇರೆ ಕಳಿಸುತ್ತೇನೆ. ಭಾನುವಾರ ಬೆಳಿಗ್ಗೆ ಫೋನ್ ಮಾಡು, ಅಲ್ಲಿ ನಮಗಿಂತ ಎರಡೂವರೆ ಗಂಟೆ ಮುಂದೆ.

ಪ್ರೀತಿಯಿಂದ,
ನಿನ್ನ ಅಕ್ಕ